‘ಆಮೇಲೆ ತಿಳಿಸ್ತೀವಿ’ ಅಂದವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಕಂಪನಿಗಳಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ಎಚ್‌ಆರ್ ಮೇಡಂಗಳಿಗೆ ಮತ್ತು ಸಾರ್‌ಗಳಿಗೆ,

ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಆದರೆ ನಾನು ಟೈಪ್ ಮಾಡಿದ ಹಾಳೆ ನಿಮ್ಮ ಟೇಬಲ್ ಮೇಲೆ ಎಷ್ಟೋ ಸಲ ಬಂದು ಕೂತಿರುತ್ತದೆ. ವಿಜಯನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಒಂದು ಲ್ಯಾಮಿನೇಷನ್ ಮೆಷಿನ್, ಗಿರಾಕಿಗೆ ಕೂರೋಕೆ ಒಂದು ಸ್ಟೂಲ್. ಅಷ್ಟೇ. ಸುತ್ತಮುತ್ತ ಪಿಜಿಗಳು, ಕೋಚಿಂಗ್ ಸೆಂಟರ್‌ಗಳು. ಹಾಗಾಗಿ ಕೆಲಸ ಹುಡುಕುವ ಮಕ್ಕಳು ವರ್ಷಪೂರ್ತಿ ಬರುತ್ತಲೇ ಇರುತ್ತಾರೆ. ರೆಸ್ಯೂಮ್ ಟೈಪ್ ಮಾಡಿಕೊಡೋದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

ನಾನು ಕೇಳೋದು ಒಂದೇ. ಇಂಟರ್‌ವ್ಯೂಗೆ ಕರೆಸಿಕೊಂಡವರಿಗೆ ಉತ್ತರ ಕೊಡಿ. ಕೆಲಸ ಕೊಡಲೇಬೇಕು ಅಂತ ಕೇಳುತ್ತಿಲ್ಲ. ಇಲ್ಲ ಅಂದರೆ ಇಲ್ಲ ಅನ್ನಿ, ಸಾಕು.

ನನ್ನ ಕಂಪ್ಯೂಟರಿನಲ್ಲಿ ಹಿರಿಯೂರು ಕಡೆಯ ಒಬ್ಬ ಹುಡುಗನ ಫೋಲ್ಡರ್ ಇದೆ. ಬಿಸಿಎ ಮುಗಿಸಿ ಬಂದವನು. ಅದರಲ್ಲಿ 14 ಫೈಲ್‌ಗಳಿವೆ. ಮೊದಲನೆಯದರ ಹೆಸರು ‘ರೆಸ್ಯೂಮ್’. ಆಮೇಲೆ ‘ರೆಸ್ಯೂಮ್ ನ್ಯೂ’. ಆಮೇಲೆ ‘ಫೈನಲ್’, ‘ಫೈನಲ್ 2’, ‘ಲಾಸ್ಟ್ ಫೈನಲ್’. ಒಂದೊಂದು ಫೈಲ್ ಹಿಂದೆಯೂ ಒಂದೊಂದು ಇಂಟರ್‌ವ್ಯೂ ಇದೆ. ಹೋಗಿ ಬರುತ್ತಾನೆ, ಹತ್ತು ದಿನ ಕಾಯುತ್ತಾನೆ, ಫೋನ್ ಬರೋದಿಲ್ಲ. ಆಮೇಲೆ ಬಂದು ಸ್ಟೂಲ್ ಮೇಲೆ ಕೂರುತ್ತಾನೆ. ‘ಅಂಕಲ್, ಫೋಟೋ ಹಾಕಿದ್ದಕ್ಕೇ ಆಗಲಿಲ್ವೇನೋ, ತೆಗೆದುಬಿಡಿ.’ ತೆಗೆದೆ. ಮುಂದಿನ ಸಲ, ‘ಫೋಟೋ ಇದ್ರೇ ಒಳ್ಳೇದಂತೆ ಅಂಕಲ್, ರೂಮ್‌ಮೇಟ್ ಹೇಳ್ದ.’ ಹಾಕಿದೆ. ಅಪ್ಪನ ಹೆಸರು ಹೋಯಿತು. ಪಿಯುಸಿ ಪರ್ಸೆಂಟೇಜ್ ಹೋಯಿತು. ನೀಲಿ ಬಾರ್ಡರ್ ಬಂತು, ಅದೂ ಹೋಯಿತು. ಪಾಪ, ಎಲ್ಲಿ ನೋವು ಅಂತ ಗೊತ್ತಿಲ್ಲದೆ ಮೈಗೆಲ್ಲ ಮುಲಾಮು ಹಚ್ಚಿಕೊಂಡ ಹಾಗೆ.

ವೈಟ್‌ಫೀಲ್ಡಿನ ಒಂದು ಕಂಪನಿ ಅವನನ್ನು ನಾಲ್ಕು ಸಲ ಕರೆಸಿಕೊಂಡಿತು. ಕೊನೇ ದಿನ ಒಬ್ಬ ಮೇಡಂ ‘ಯಾವಾಗಿಂದ ಜಾಯಿನ್ ಆಗ್ತೀರಿ?’ ಅಂತ ಕೇಳಿದರಂತೆ. ಅವತ್ತು ಸಂಜೆ ಹುಡುಗ ಬೇಕರಿಯಿಂದ ಎರಡು ದಿಲ್‌ಪಸಂದ್ ಕಟ್ಟಿಸಿಕೊಂಡು ಬಂದ. ಒಂದು ನನಗೆ, ಒಂದು ಅವನಿಗೆ. ‘ಆಯ್ತು ಅನ್ಸುತ್ತೆ ಅಂಕಲ್. ಆಮೇಲೆ ತಿಳಿಸ್ತೀವಿ ಅಂದ್ರು’ ಅಂದ. ಅದೇ ವಾರ ರಾಜಾಜಿನಗರದಲ್ಲಿ 16,000 ರೂಪಾಯಿಯ ಒಂದು ಕೆಲಸ ಸಿಕ್ಕಿತ್ತು. ಬೇಡ ಅಂದುಬಿಟ್ಟ. ಯಾರಾದರೂ ಹಾಗೇ ಮಾಡುತ್ತಾರೆ, ಅಲ್ವಾ?

ಒಂದು ವಾರ ಆಯಿತು. ಎರಡು ವಾರ ಆಯಿತು. ಮೇಲ್ ಹಾಕಿದ. ಈ ವಿಳಾಸಕ್ಕೆ ಬಂದ ಮೇಲ್ ಯಾರೂ ನೋಡೋದಿಲ್ಲ ಅಂತ ವಾಪಸ್ ಬಂತು. ಫೋನ್ ಮಾಡಿದ. ‘ಪ್ರೊಸೆಸ್‌ನಲ್ಲಿದೆ’ ಅಂದರು. ಇನ್ನೊಂದು ಸಲ ಮಾಡಿದಾಗ ಎತ್ತಲೇ ಇಲ್ಲ. ಇಪ್ಪತ್ತಮೂರನೇ ದಿನ ನೋಡಿದರೆ, ಅದೇ ಕೆಲಸಕ್ಕೆ ಅದೇ ಕಂಪನಿಯ ಜಾಹೀರಾತು ಮೊಬೈಲಿನಲ್ಲಿ ಮತ್ತೆ ಬಂದಿದೆ. ಅವನಿಗೆ ಸಿಕ್ಕ ಉತ್ತರ ಅದು. ನನ್ನ ಅಂಗಡಿಯಲ್ಲೇ, ನನ್ನ ಎದುರೇ ನೋಡಿದ. ಏನೂ ಮಾತಾಡಲಿಲ್ಲ. ‘ಐದು ಕಾಪಿ ಪ್ರಿಂಟ್ ಕೊಡಿ ಅಂಕಲ್’ ಅಂದ.

ಒಂದು ಇಂಟರ್‌ವ್ಯೂಗೆ ಹುಡುಗರ ಕಡೆಯಿಂದ ಎಷ್ಟು ಖರ್ಚಾಗುತ್ತದೆ ಅಂತ ನೀವು ಲೆಕ್ಕ ಹಾಕಿರಲಿಕ್ಕಿಲ್ಲ. ನಾನು ಹಾಕಿದ್ದೇನೆ. ಮೆಟ್ರೋದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿತು. ಇಲ್ಲಿಂದ ವೈಟ್‌ಫೀಲ್ಡ್ ಅಂದರೆ ಊರಿನ ಈ ತುದಿಯಿಂದ ಆ ತುದಿ. ಹೋಗಿ ಬರೋಕೆ ನೂರಾ ಎಂಬತ್ತರ ಆಸುಪಾಸು. ಶರ್ಟು ಇಸ್ತ್ರಿಗೆ ಹದಿನೈದೋ ಇಪ್ಪತ್ತೋ. ಪ್ರಿಂಟು, ಫೋಟೋ, ಮಾರ್ಕ್ಸ್ ಕಾರ್ಡ್ ಜೆರಾಕ್ಸಿನ ದುಡ್ಡು ನನಗೆ ಬರುತ್ತದೆ. ಮಧ್ಯಾಹ್ನ ಟೆಕ್ ಪಾರ್ಕಿನ ಹೊರಗೆ ಒಂದು ರೈಸ್‌ಬಾತ್. ನಾಲ್ಕು ರೌಂಡ್‌ಗೆ ಸಾವಿರ ರೂಪಾಯಿ ಸಲೀಸಾಗಿ ಹೋಗುತ್ತದೆ. ಸರ್ಕಾರದ ಯುವನಿಧಿಯಲ್ಲಿ ಪದವಿ ಮಾಡಿದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಬರುತ್ತದೆ. ಅದರ ಅರ್ಜಿಯನ್ನೂ ನಾನೇ ತುಂಬಿಕೊಡುತ್ತೇನೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ದುಡ್ಡಿನ ಮಾತು ಬಿಡಿ, ಹೇಗೋ ಆಗುತ್ತದೆ. ನೀವು ಸುಮ್ಮನಿದ್ದರೆ ಈ ಮಕ್ಕಳು ಸುಮ್ಮನಿರೋದಿಲ್ಲ. ಕಾರಣವನ್ನು ತಾವೇ ಹುಡುಕಿಕೊಳ್ಳುತ್ತಾರೆ. ಆ ಕಾರಣಗಳನ್ನು ನಾನು ಸ್ಟೂಲಿನ ಪಕ್ಕದಲ್ಲಿ ನಿಂತು ಕೇಳುತ್ತೇನೆ. ಕನ್ನಡ ಮೀಡಿಯಂ ಅಂತ ಬೇಡ ಅಂದ್ರೇನೋ. ಸರ್ಕಾರಿ ಕಾಲೇಜು ಅಂತಲೋ. ಹಲ್ಲು ಉಬ್ಬು ಅಂತಲೋ. ಒಬ್ಬ ಹುಡುಗಿ, ‘ಸ್ಲಿಪ್ಪರ್ ಹಾಕ್ಕೊಂಡು ಹೋಗಿದ್ದೆ ಅಂಕಲ್, ಅದಕ್ಕೇ’ ಅಂದಳು.

ಹೆಸರಿನ ವಿಷಯ ಹೇಳಲೇಬೇಕು. ನಮ್ಮ ಕಡೆ ಇನಿಷಿಯಲ್ ಇಡೋದು ರೂಢಿ. ಒಂದು ಊರಿನದು, ಒಂದು ಅಪ್ಪನದು. ನಿಮ್ಮ ವೆಬ್‌ಸೈಟಿನ ಫಾರಂನಲ್ಲಿ ‘ಲಾಸ್ಟ್ ನೇಮ್’ ಅಂತ ಒಂದು ಖಾನೆ ಇರುತ್ತದೆ. ಅದು ಖಾಲಿ ಬಿಟ್ಟರೆ ಮುಂದೆ ಹೋಗೋದಿಲ್ಲ. ಒಂದೇ ಅಕ್ಷರ ಹಾಕಿದರೆ ಕೆಂಪು ಗೆರೆ ಬರುತ್ತದೆ. ಆಗ ಮಂಜುನಾಥ ಅನ್ನೋನು ‘ಮಂಜುನಾಥ ಮಂಜುನಾಥ’ ಆಗುತ್ತಾನೆ. ಇನ್ನೊಬ್ಬ ಊರಿನ ಹೆಸರು ಹಾಕುತ್ತಾನೆ. ಮತ್ತೊಬ್ಬನಿಗೆ ಜಾತಿಯ ಹೆಸರು ಹಾಕದೆ ಬೇರೆ ದಾರಿ ಇರೋದಿಲ್ಲ. ಆಮೇಲೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೂ ಆಧಾರ್‌ಗೂ ತಾಳೆ ಆಗಲಿಲ್ಲ ಅಂತ ನಿಮ್ಮವರೇ ತಕರಾರು ತೆಗೆಯುತ್ತಾರೆ.

ಒಂದು ದಿನ ಒಬ್ಬ ಹುಡುಗ ಬಂದು ಹೆಸರಿನ ಕೊನೆಯ ಪದ ಅಳಿಸಿ, ಬರೀ ಇನಿಷಿಯಲ್ ಇಡಿ ಅಂದ. ಯಾಕಪ್ಪಾ ಅಂದೆ. ಮುಖ ತಿರುಗಿಸಿಕೊಂಡು ‘ಹಾಗೇ ಅಂಕಲ್’ ಅಂದ. ನನಗೆ ಅರ್ಥವಾಯಿತು. ಅದೆಲ್ಲ ನಿನ್ನ ಭ್ರಮೆ ಅಂತ ಹೇಳೋಣ ಅನ್ನಿಸಿತು, ಹೇಳಲಿಲ್ಲ. ಯಾಕೆಂದರೆ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅನ್ನುವ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ನಾನು ಓದಿದ್ದೆ. ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಕೆಲಸದ ಜಾಹೀರಾತುಗಳಿಗೆ ಅವರು 4,808 ಅರ್ಜಿ ಕಳಿಸಿದ್ದರು. ಓದು ಒಂದೇ ಮಟ್ಟದ್ದು, ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಾಧ್ಯತೆ 100 ಅಂತಿಟ್ಟುಕೊಂಡರೆ, ದಲಿತ ಹೆಸರಿಗೆ ಸುಮಾರು 67, ಮುಸ್ಲಿಂ ಹೆಸರಿಗೆ 33. ಇದನ್ನು ಓದಿಕೊಂಡು ಆ ಹುಡುಗನಿಗೆ ನಾನು ಏನಂತ ಸಮಾಧಾನ ಹೇಳಲಿ? ಅವನನ್ನು ನೀವು ಬೇಡ ಅಂದದ್ದು ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬರಲಿಲ್ಲ ಅಂತಲೇ ಇರಬಹುದು. ಹಾಗಿದ್ದರೆ ಹಾಗಂತ ಒಂದು ಸಾಲು ಬರೆಯಿರಿ. ಅವನು ಜಾವಾ ಕಲಿಯುತ್ತಾನೆ, ಅಪ್ಪ ಇಟ್ಟ ಹೆಸರು ಅಳಿಸೋದು ಬಿಡುತ್ತಾನೆ.

ಹೆಣ್ಣುಮಕ್ಕಳದು ಇನ್ನೊಂದು ಕಥೆ. ಚಂದ್ರಾ ಲೇಔಟಿನಿಂದ ಒಬ್ಬರು ಬರುತ್ತಾರೆ. ಎಂಕಾಂ ಓದಿದ್ದಾರೆ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಚೆನ್ನಾಗಿ ಗೊತ್ತು. ಮಗು ಆದ ಮೇಲೆ ಮೂರು ವರ್ಷ ಮನೆಯಲ್ಲಿದ್ದರು. ‘ಅಣ್ಣಾ, ಈ ಮೂರು ವರ್ಷಕ್ಕೆ ಏನಂತ ಹಾಕೋದು?’ ಅಂತ ಕೇಳಿದರು. ಸುಮ್ನೆ ಮಾತಿಗೆ ಕೇಳಿದೆ, ಮನೆಯಲ್ಲಿ ಏನಮ್ಮಾ ಮಾಡ್ತಿದ್ರಿ ಅಂತ. ಹನ್ನೊಂದು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರಂತೆ. ಗಂಡನ ತಮ್ಮನ ಹಾರ್ಡ್‌ವೇರ್ ಅಂಗಡಿಯ ಜಿಎಸ್‌ಟಿ ಲೆಕ್ಕವನ್ನೂ ಅವರೇ ನೋಡಿಕೊಳ್ಳುತ್ತಿದ್ದರಂತೆ. ‘ಅದೆಲ್ಲ ಕೆಲಸ ಅಂತ ಹಾಕಬಹುದಾ?’ ಅಂದರು. ಇಬ್ಬರೂ ಸೇರಿ ಹಾಕಿದೆವು. ಚೆನ್ನಾಗಿಯೇ ಕಂಡಿತು. ಇಂಟರ್‌ವ್ಯೂನಲ್ಲಿ ಟ್ಯಾಲಿ ಬಗ್ಗೆ ಒಂದು ಪ್ರಶ್ನೆ, ಮಗು ಬಗ್ಗೆ ಐದು ಪ್ರಶ್ನೆ. ಯಾರು ನೋಡ್ಕೋತಾರೆ, ಜ್ವರ ಬಂದರೆ ಏನು ಮಾಡ್ತೀರಿ, ಇನ್ನೊಂದು ಮಗು ಯಾವಾಗ. 26 ವಾರದ ಹೆರಿಗೆ ರಜೆ 2017ರಿಂದ ಕಾನೂನಿನಲ್ಲೇ ಇದೆ. ಆ ರಜೆ ಕೊಡಬೇಕಾಗುತ್ತೆ ಅನ್ನೋ ಭಯಕ್ಕೆ ಈ ಪ್ರಶ್ನೆಗಳು, ನನಗೂ ತಿಳಿಯುತ್ತದೆ. ಕೊನೆಗೆ ಅವರಿಗೂ ಅದೇ ಮಾತು, ಆಮೇಲೆ ತಿಳಿಸ್ತೀವಿ.

ನನ್ನ ಗೆಳೆಯನೊಬ್ಬ ಪೀಣ್ಯದಲ್ಲಿ ಸಣ್ಣ ಮೆಷಿನ್ ಶಾಪ್ ಇಟ್ಟಿದ್ದಾನೆ. ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಮೂರು ಸಿಎನ್‌ಸಿ ಮೆಷಿನ್. ಅವನು ರೆಸ್ಯೂಮ್ ಮುಟ್ಟಿಯೂ ನೋಡೋದಿಲ್ಲ. ಆಪರೇಟರ್ ಕೆಲಸ ಕೇಳಿಕೊಂಡು ಬಂದವನನ್ನು ಮೆಷಿನ್ ಮುಂದೆ ನಿಲ್ಲಿಸುತ್ತಾನೆ, ಕೈಗೆ ಒಂದು ಡ್ರಾಯಿಂಗ್ ಕೊಡುತ್ತಾನೆ. ಟ್ರಯಲ್ ಅಂತಾರೆ ಅದಕ್ಕೆ. ಹುಡುಗ ಟೂಲ್ ಆಫ್‌ಸೆಟ್ ಹೇಗೆ ಹಾಕುತ್ತಾನೆ, ಅಂದರೆ ಟೂಲಿನ ಅಳತೆ ಮೆಷಿನ್‌ಗೆ ಹೇಗೆ ಕೊಡುತ್ತಾನೆ, ಮೊದಲ ಪೀಸ್ ಬಂದ ಕೂಡಲೇ ಅಳತೆ ನೋಡೋಕೆ ಮೈಕ್ರೋಮೀಟರ್ ಹಿಡಿಯುತ್ತಾನೋ ಇಲ್ಲವೋ, ಅಷ್ಟು ನೋಡಿದರೆ ಮುಗಿಯಿತು. ಒಂದು ಗಂಟೆ. ‘ನಾಳೆಯಿಂದ ಬಾ’ ಅಥವಾ ‘ಬೇಡ ಕಣಪ್ಪಾ, ಇನ್ನೊಂದಾರು ತಿಂಗಳು ಹೆಲ್ಪರ್ ಆಗಿ ಕಲಿ’. ಬೇಡ ಅನ್ನಿಸಿಕೊಂಡವನಿಗೂ ಟೀ ಕುಡಿಸಿ ಕಳಿಸುತ್ತಾನೆ. ನಾನು ಒಂದು ದಿನ ಅಲ್ಲೇ ಇದ್ದೆ. ಬೇಡ ಅನ್ನಿಸಿಕೊಂಡ ಹುಡುಗನ ಮುಖ ಸಣ್ಣದಾಯಿತು, ನಿಜ. ಆದರೆ ಟೀ ಲೋಟ ಇಟ್ಟು ಅಲ್ಲಿಂದಲೇ ಪಕ್ಕದ ಶೆಡ್‌ಗೆ ಕೇಳಲು ಹೋದ. ಅವನಿಗೆ ಅವತ್ತಿನ ಮಧ್ಯಾಹ್ನ ಉಳಿಯಿತು.

ನಾನೂ ಹಾಗೆಯೇ ಕೆಲಸಕ್ಕೆ ಸೇರಿದವನು. ತಿಪಟೂರಿನಲ್ಲಿ ಟೈಪಿಂಗ್ ಕಲಿತು ಬೆಂಗಳೂರಿಗೆ ಬಂದಾಗ ಒಬ್ಬ ವಕೀಲರ ಆಫೀಸಿನಲ್ಲಿ ಮೆಷಿನ್ ಮುಂದೆ ಕೂರಿಸಿ ಒಂದು ಅಫಿಡವಿಟ್ ಕೊಟ್ಟರು. ಹತ್ತು ನಿಮಿಷ. ‘ನಿನ್ನ ಬಗ್ಗೆ ಹೇಳು’ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಬೆವರಿಬಿಡುತ್ತಿದ್ದೆ. ಇಲ್ಲಿನ ಮಕ್ಕಳು ಆ ಒಂದು ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉರು ಹೊಡೆದ ಒಂದು ಪುಟ ಇಟ್ಟುಕೊಂಡಿರುತ್ತಾರೆ. ಆ ಪುಟವನ್ನೂ ನಾನೇ ಜೆರಾಕ್ಸ್ ಮಾಡಿದ್ದೇನೆ, ನೂರಾರು ಸಲ. ಅದೇ ಸಾಲುಗಳು, ಅದೇ ತಪ್ಪುಗಳು. ನಿಮಗೆ ಬೇಸರ ಬರೋದಿಲ್ವಾ? ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡು ತುಂಬಬಹುದು ಅನ್ನೋ ತರಹದ ಒಗಟುಗಳಿಂದ ಏನೂ ಪ್ರಯೋಜನ ಇಲ್ಲ ಅಂತ ಗೂಗಲ್‌ನಲ್ಲಿ ಆಗ ನಿಮ್ಮ ಕೆಲಸವನ್ನೇ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ 2013ರಲ್ಲೇ ಒಪ್ಪಿಕೊಂಡರು. ನಮ್ಮ ಬೀದಿಯಲ್ಲಿ ಮಾತ್ರ ಒಗಟಿನ ಪುಸ್ತಕಗಳ ಜೆರಾಕ್ಸ್ ಇನ್ನೂ ಚೆನ್ನಾಗಿ ನಡೆಯುತ್ತದೆ. ನನಗೇನು ನಷ್ಟ ಇಲ್ಲ.

ತಪ್ಪೆಲ್ಲ ನಿಮ್ಮದೇ ಅಂತ ಹೇಳೋಕೆ ಬಂದಿಲ್ಲ. ನಮ್ಮ ಕಡೆಯೂ ಇದೆ. ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಕೊಡಿ, ಯಾವುದೋ ಕಂಪನಿಯ ಲೆಟರ್‌ಹೆಡ್ ಇದೆ, ಎಷ್ಟಾದರೂ ಕೊಡ್ತೀವಿ ಅಂತ ಬರುವವರು ಇದ್ದಾರೆ. ಆಗಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಆಗುತ್ತದೆ. ಬಿಳಿ ಹಾಳೆಯಲ್ಲಿ ಬಿಳಿ ಬಣ್ಣದ ಸಣ್ಣ ಅಕ್ಷರದಲ್ಲಿ ನಿಮ್ಮ ಜಾಹೀರಾತಿನ ಪದಗಳನ್ನೆಲ್ಲ ತುಂಬಿ ಕೊಡಿ, ಕಣ್ಣಿಗೆ ಕಾಣಲ್ಲ ಆದರೆ ಸಾಫ್ಟ್‌ವೇರ್ ಓದುತ್ತೆ ಅಂತ ಒಬ್ಬ ಕೇಳಿದ. ಅವನ ತಲೆಗೆ ಮೆಚ್ಚಬೇಕು. ನಾನು ಮಾಡಿದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ಹಳೇ ಮಾದರಿಯಲ್ಲಿ ಹವ್ಯಾಸ ಅನ್ನೋ ಕಡೆ ‘ಪುಸ್ತಕ ಓದುವುದು, ಸಂಗೀತ ಕೇಳುವುದು’ ಅಂತ ಮೊದಲೇ ಇತ್ತು. ಯಾರೂ ಬದಲಾಯಿಸುತ್ತಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಒಬ್ಬ ಹುಡುಗನಿಗೆ ಇಂಟರ್‌ವ್ಯೂನಲ್ಲಿ ‘ಇತ್ತೀಚೆಗೆ ಯಾವ ಪುಸ್ತಕ ಓದಿದಿರಿ?’ ಅಂತ ಕೇಳಿಬಿಟ್ಟರು. ಅವನು ಸೀದಾ ನನ್ನ ಅಂಗಡಿಗೆ ಬಂದು ಜಗಳ ಆಡಿದ. ಈಗ ಆ ಜಾಗ ಖಾಲಿ ಇಟ್ಟಿದ್ದೇನೆ.

ಈಗಂತೂ ಮೊಬೈಲಿನಲ್ಲೇ ಚಾಟ್‌ಜಿಪಿಟಿಗೆ ಹೇಳಿ ರೆಸ್ಯೂಮ್ ಬರೆಸಿಕೊಂಡು ಬರುತ್ತಾರೆ. ಎಲ್ಲರದೂ ಒಂದೇ ರಾಗ. ನಿಮ್ಮ ಕಡೆ ಅದನ್ನು ಓದುವುದೂ ಒಂದು ಯಂತ್ರ. ಎರಡು ಕಾಲಂನಲ್ಲಿ ಚೆಂದ ಮಾಡಿದ ಡಿಸೈನ್ ಇದ್ದರೆ ಕೆಲವು ಸಾಫ್ಟ್‌ವೇರ್‌ಗಳು ಎಡಗಡೆ ಸಾಲಿಗೆ ಬಲಗಡೆ ಸಾಲು ಸೇರಿಸಿ ಓದಿ ಗೊಂದಲ ಮಾಡಿಕೊಳ್ಳುತ್ತವೆ. ಹಾಗಾಗಿ ಬಂದವರಿಗೆಲ್ಲ ನಾನು ಸಾದಾ ಒಂದೇ ಕಾಲಂ ಮಾಡಿಕೊಡುತ್ತೇನೆ, ಬಣ್ಣ ಬೇಡ ಕಣ್ರಪ್ಪಾ ಅಂತೀನಿ. ಯಂತ್ರ ಬರೆದದ್ದನ್ನು ಯಂತ್ರ ಓದೋದಾದರೆ ‘ಇಲ್ಲ’ ಅನ್ನೋದನ್ನೂ ಅದೇ ಯಂತ್ರಕ್ಕೆ ಹೇಳಿಕೊಡಿ, ಅದಕ್ಕೇನು ಜಾಸ್ತಿ ಖರ್ಚಿಲ್ಲವಲ್ಲ.

ನಿಮ್ಮ ಕಷ್ಟವೂ ಗೊತ್ತು. ಒಂದು ಜಾಹೀರಾತಿಗೆ ಸಾವಿರಗಟ್ಟಲೆ ಅರ್ಜಿ ಬರುತ್ತವೆ. ಮ್ಯಾನೇಜರ್ ಬೇಕು ಅಂದದ್ದು ಮುಂದಿನ ವಾರ ಬೇಡ ಆಗುತ್ತದೆ. ಬಜೆಟ್ ನಿಂತು ಹೋಗುತ್ತದೆ. ಆರಿಸಿದವನು ಮೂರು ತಿಂಗಳ ನೋಟಿಸ್ ಪೀರಿಯಡ್ ಮುಗಿಸಿ ಬರ್ತೀನಿ ಅಂತ ಹೇಳಿ ಕೈಕೊಡುತ್ತಾನೆ. ಅದಕ್ಕೇ ಎರಡನೆಯವನನ್ನು ಕಾಯಿಸಿ ಇಟ್ಟಿರುತ್ತೀರಿ. ಇದನ್ನು ನನಗೆ ಹೇಳಿದವರು ನಿಮ್ಮ ಕಸುಬಿನವರೇ ಒಬ್ಬರು, ಅವರೂ ನನ್ನ ಗಿರಾಕಿ. ಕೆಲಸ ಕಳೆದುಕೊಂಡು ತಮ್ಮ ರೆಸ್ಯೂಮ್ ಮಾಡಿಸೋಕೆ ಬಂದಿದ್ದರು. ‘ನನಗೂ ಯಾರೂ ರಿಪ್ಲೈ ಮಾಡ್ತಿಲ್ಲ’ ಅಂದು ನಕ್ಕರು.

ಅರ್ಜಿ ಹಾಕಿದ ಸಾವಿರ ಜನಕ್ಕೂ ಬರೆಯಿರಿ ಅಂತ ನಾನು ಹೇಳೋದಿಲ್ಲ. ಎದುರಿಗೆ ಕೂರಿಸಿಕೊಂಡ ಹತ್ತು ಜನಕ್ಕೆ ಬರೆಯಿರಿ. ಇದು ಆಗದ ಮಾತಲ್ಲ. ಕೆನಡಾದ ಒಂಟಾರಿಯೊದಲ್ಲಿ 2026ರ ಜನವರಿ 1ರಿಂದ ಇದು ಕಾನೂನೇ ಆಗಿದೆ. 25 ಅಥವಾ ಹೆಚ್ಚು ಕೆಲಸಗಾರರಿರುವ ಕಂಪನಿ ಜಾಹೀರಾತು ಕೊಟ್ಟು ಯಾರನ್ನಾದರೂ ಇಂಟರ್‌ವ್ಯೂ ಮಾಡಿದರೆ, ಕೊನೆಯ ಇಂಟರ್‌ವ್ಯೂ ಆದ 45 ದಿನದೊಳಗೆ ಆ ಕೆಲಸದ ಬಗ್ಗೆ ತೀರ್ಮಾನ ಆಗಿದೆಯೋ ಇಲ್ಲವೋ ಅಂತ ತಿಳಿಸಬೇಕು. ಜಾಹೀರಾತಿನಲ್ಲಿ ಸಂಬಳ ಎಷ್ಟರಿಂದ ಎಷ್ಟು ಅಂತಲೂ ಹಾಕಬೇಕು. ನಿಮ್ಮಲ್ಲಿ ಕೆಲವರ ಹೆಡ್ ಆಫೀಸ್ ಅಲ್ಲೇ ಆ ಕಡೆಯಲ್ಲೇ ಇದೆ. ಅಲ್ಲಿ ಕೈಲಾಗುವ ಕೆಲಸ ಇಲ್ಲಿ ಯಾಕೆ ಆಗೋದಿಲ್ಲ?

ಅಷ್ಟು ದೂರ ಯಾಕೆ ಹೋಗಬೇಕು. ನನ್ನ ಎದುರು ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಯುಪಿಎಸ್‌ಸಿಗೆ ಓದುವ ಮಕ್ಕಳಿದ್ದಾರೆ. ಮುಖ್ಯ ಪರೀಕ್ಷೆಗೆ 1,750, ಸಂದರ್ಶನಕ್ಕೆ 275, ಒಟ್ಟು 2,025 ಅಂಕ. ಆಯ್ಕೆ ಆಗದವನಿಗೂ ತನ್ನ ಅಂಕಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ. ಸಂದರ್ಶನದಲ್ಲಿ ಎಷ್ಟು ಬಂತು, ಎಷ್ಟರಲ್ಲಿ ತಪ್ಪಿತು ಅಂತ ಪ್ರಿಂಟ್ ತೆಗೆಸಿಕೊಂಡು ಹೋಗುತ್ತಾನೆ. ಕೆಳಗಿನ ಹಂತದ ಕೇಂದ್ರ ಸರ್ಕಾರಿ ಹುದ್ದೆಗಳಿಗಂತೂ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ. ಸರ್ಕಾರಿ ಆಫೀಸು ಅಂದರೆ ಕಾಯಿಸೋದು, ಪ್ರೈವೇಟ್ ಅಂದರೆ ಫಾಸ್ಟ್ ಅಂತ ನಾವು ಅಂದುಕೊಂಡಿದ್ದೆವು.

ಹಿರಿಯೂರಿನ ಹುಡುಗ ಈಗ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿದ್ದಾನೆ. ಹದಿನಾಲ್ಕನೇ ಫೈಲ್‌ಗೆ ಸಿಕ್ಕಿದ್ದು. ಅದರಲ್ಲಿ ಫೋಟೋ ಇದ್ದದ್ದಕ್ಕೇ ಸಿಕ್ಕಿತು ಅಂತ ಅವನು ಇವತ್ತಿಗೂ ನಂಬಿದ್ದಾನೆ.

ಬರೆಯೋಕೆ ಪುರುಸೊತ್ತಿಲ್ಲ ಅನ್ನುವವರಿಗೆ ಮಾದರಿ ನಾನೇ ಟೈಪ್ ಮಾಡಿದ್ದೇನೆ. ದುಡ್ಡು ಬೇಡ:

‘ನಮಸ್ಕಾರ. ನೀವು ನಮ್ಮ ಆಫೀಸಿಗೆ ಬಂದು ಮಾತಾಡಿದ್ದಕ್ಕೆ ಥ್ಯಾಂಕ್ಸ್. ಈ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದೇವೆ. ನಿಮ್ಮಲ್ಲಿ ನಮಗೆ ಕಡಿಮೆ ಅನ್ನಿಸಿದ್ದು ಇದು: ________. ದಯವಿಟ್ಟು ನಮಗಾಗಿ ಕಾಯಬೇಡಿ.’

ಖಾಲಿ ಜಾಗ ತುಂಬಿದರೆ ಒಳ್ಳೇದು. ಆಗದಿದ್ದರೆ ಆ ಸಾಲು ಬಿಟ್ಟು ಕಳಿಸಿ. ಕೊನೆಯ ಸಾಲು ಮಾತ್ರ ತೆಗೆಯಬೇಡಿ.

ಇಂತಿ,
ವಿಜಯನಗರದ ಒಬ್ಬ ಜೆರಾಕ್ಸ್ ಅಂಗಡಿಯವ

ವಿ.ಸೂ.: ಬೇಡವಾದ ರೆಸ್ಯೂಮ್‌ಗಳನ್ನು ರದ್ದಿಗೆ ಹಾಕುವ ಮುಂಚೆ ಹರಿದು ಹಾಕಿ. ಮೊನ್ನೆ ಹುರಿದ ಕಡ್ಲೆಕಾಯಿ ಕಟ್ಟಿಸಿಕೊಂಡು ಬಂದೆ. ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ ನಾನೇ ಟೈಪ್ ಮಾಡಿದ ಹಾಳೆ. ಹುಡುಗಿಯ ಹೆಸರು, ಮನೆ ವಿಳಾಸ, ಹುಟ್ಟಿದ ತಾರೀಖು, ಮೊಬೈಲ್ ನಂಬರ್ ಎಲ್ಲ ಇತ್ತು. ಫೋನ್ ಮಾಡಿ ಹೇಳೋಣ ಅಂತ ನಂಬರ್ ಒತ್ತಿದೆ. ಅವಳಿಗೆ ಗುರುತಿಲ್ಲದ ನಂಬರಿನಿಂದ ಕರೆ ಹೋದರೆ ಇಂಟರ್‌ವ್ಯೂ ರಿಸಲ್ಟ್ ಅಂದುಕೊಂಡುಬಿಡುತ್ತಾಳೆ ಅಂತ ಹೊಳೆಯಿತು. ರಿಂಗ್ ಆಗುವ ಮುಂಚೆ ಕಟ್ ಮಾಡಿದೆ.